ಮಣಿಕಟ್ಟಿನ ಲೆಕ್ಕ

ನಾಡೀಪರೀಕ್ಷೆಯ ವಿಷಯದಲ್ಲಿ ನನಗೆ ಸ್ವಲ್ಪ ಗರ್ವವಿದ್ದಿತು. ಶಾರ್ಙ್ಗಧರಸಂಹಿತೆಯಲ್ಲಿ ನಾಡಿಯ ಗತಿಯನ್ನು ಹಾವು, ಕಪ್ಪೆ, ಹಂಸಗಳ ನಡೆಗೆ ಹೋಲಿಸಿರುವುದನ್ನು ಎಷ್ಟೋ ವರ್ಷ ಹುಡುಗರಿಗೆ ಹೇಳಿದವನು ನಾನು. ಆದುದರಿಂದ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಮಗನು ರಾಜಘಟ್ಟಕ್ಕೆ ಬಂದು, ನಮ್ಮಲ್ಲಿ ಬೆಳೆಯುತ್ತಿರುವ ತನ್ನ ಮಗಳಿಗೆ ಒಂದು ಕೈಗಡಿಯಾರವನ್ನು ಕಟ್ಟಿ, "ಇದು ನಾಡಿಯನ್ನೆಣಿಸುತ್ತದೆ" ಎಂದಾಗ ನಕ್ಕುಬಿಟ್ಟೆನು.

ಹುಡುಗಿಯು 1500 ಮೀಟರು ಓಟದವಳು. ಗಡಿಯಾರವು ಉಪಗ್ರಹಗಳ ಸಂಕೇತದಿಂದ ಅವಳು ಓಡಿದ ದೂರವನ್ನು ಅಳೆಯುವುದು. ಅದರ ಬೆನ್ನಿನಲ್ಲಿ ಹಸುರು ದೀಪಗಳುಂಟು. ರಕ್ತವು ಹಸುರು ಬೆಳಕನ್ನು ಹೀರುವ ಗುಣವುಳ್ಳದ್ದು. ಹೃದಯವು ಬಡಿದಾಗಲೆಲ್ಲ ಮಣಿಕಟ್ಟಿನಲ್ಲಿ ರಕ್ತ ಹೆಚ್ಚಿ, ಹಿಂದಿರುಗುವ ಬೆಳಕು ಕುಗ್ಗುವುದು. ಆ ಏರಿಳಿತವನ್ನೇ ಯಂತ್ರವು ಎಣಿಸುವುದು. ಪಟ್ಟಿ ಸಡಿಲವಾದರೆ ಲೆಕ್ಕ ತಪ್ಪುವುದೂ ಉಂಟು. ಬೆಂಗಳೂರಿನ ಸಾಯ್ ಕೇಂದ್ರದಲ್ಲಿ ನಮ್ಮ ದೇಶದ ಹಾಕಿ ಆಟಗಾರರು ಬೆನ್ನ ಮೇಲೆ ಜಿಪಿಎಸ್ ಯಂತ್ರವನ್ನು ಧರಿಸಿ ಅಭ್ಯಾಸಮಾಡಿರುವರು. ಯಾರು ಎಷ್ಟು ಓಡಿದರು, ಯಾರಿಗೆ ವಿಶ್ರಾಂತಿ ಬೇಕು ಎಂಬುದು ತರಬೇತುದಾರರಿಗೆ ತಿಳಿಯಲೆಂದು.

ತಾಲ್ಲೂಕು ಪಂದ್ಯಕ್ಕೆ ಎರಡು ದಿನವಿರುವಾಗ ಅವಳ ಮಣಿಕಟ್ಟು ಬರಿದಾಗಿದ್ದಿತು. ಕೇಳಿದರೆ, "ಚಾರ್ಜು ಮುಗಿದಿದೆ, ತಾತ" ಎಂದಳು. ಗಡಿಯಾರವು ನನ್ನ ಪಂಚಾಂಗದ ಕೆಳಗೇ ದೊರೆಯಿತು. ಚಾರ್ಜು ಬೇಕಾದಷ್ಟಿದ್ದಿತು! ಮಗನನ್ನು ಫೋನಿನಲ್ಲಿ ಕೇಳಿ ಕೇಳಿ ಓದಿದೆನು. ವಿಶ್ರಾಂತಿಯಲ್ಲಿ ನಿಮಿಷಕ್ಕೆ 58 ಇರುತ್ತಿದ್ದ ನಾಡಿಯು ಮೂರು ದಿನಗಳಲ್ಲಿ 64, 69, 74 ಎಂದು ಏರಿದ್ದಿತು. ಅತಿಯಾದ ದಣಿವಿನಿಂದಲೂ ಹೀಗಾಗುವುದು, ಜ್ವರದಿಂದಲೂ ಆಗುವುದು.

"ಕೈ ಕೊಡು, ಮಗು" ಎಂದು ಗೋಡೆಯ ಗಡಿಯಾರವನ್ನು ನೋಡುತ್ತ ಎಣಿಸಿದೆನು. 76. ಹಾವೋ ಕಪ್ಪೆಯೋ ಹಂಸವೋ ನಾನರಿಯೆ, ಕೈ ಸುಡುತ್ತಿದ್ದಿತು.

"ಅಪ್ಪನಿಗೆ ಹೇಳಬೇಡಿ, ತಾತ. ಇದೊಂದು ಓಡಿಬಿಡುತ್ತೇನೆ" ಎಂದು ಅಳತೊಡಗಿದಳು. ತಿಂಗಳುಗಟ್ಟಲೆ ಕತ್ತಲೆಯಲ್ಲೆದ್ದು ಓಡಿದ ಮಗುವಿಗೆ ಬೇಡವೆನ್ನುವುದು ಎಷ್ಟು ಕಷ್ಟವೆಂಬುದನ್ನು ಮೊಮ್ಮಕ್ಕಳುಳ್ಳ ವಾಚಕರು ಬಲ್ಲರು. ಬೇಡವೆಂದೆನು. ದೊಡ್ಡಬಳ್ಳಾಪುರದ ವೈದ್ಯರೂ ಅದನ್ನೇ ಹೇಳಿದರು. ಅವಳು ನನ್ನೊಡನೆ ಮಾತು ಬಿಟ್ಟಳು. ಪಂದ್ಯದ ಸಂಜೆ ಕಂಬಳಿ ಹೊದ್ದು ಮಲಗಿದ್ದವಳು, ಗೆದ್ದವಳ ಕಾಲವು ತನ್ನ ಕಾಲಕ್ಕಿಂತ ನಾಲ್ಕು ಸೆಕೆಂಡು ಹೆಚ್ಚೆಂದು, ನನಗೆ ಕೇಳಿಸುವಂತೆ, ಗೋಡೆಗೆ ಹೇಳಿದಳು.

ಹತ್ತನೆಯ ದಿನ ಬೆಳಗ್ಗೆ ತಾನಾಗಿಯೇ ಬಂದು ಕೈ ಚಾಚಿದಳು. ಗಡಿಯಾರದಲ್ಲಿ 59, ನನ್ನ ಬೆರಳಿಗೆ 60.

"ತಪ್ಪು ನಿಮ್ಮದೇ, ತಾತ" ಎಂದು ಓಡಿದಳು.