ನೀರಿನ ಹೊಳಪು, ನೀರಿನ ಸಾಣೆ

ನಡುಹಗಲಿನ ವೆನಿಸ್ ಕಣ್ಣು ಬಿಡಲು ಬಿಡುವುದಿಲ್ಲ. ಮೇಲಿನಿಂದ ಒಬ್ಬ ಸೂರ್ಯ, ಕಾಲುವೆಯೊಳಗಿಂದ ಇನ್ನೊಬ್ಬ. ಹದಿನೆಂಟನೆಯ ಶತಮಾನದಲ್ಲೇ ಇಲ್ಲಿನವರು ಇದಕ್ಕೆ ಮದ್ದು ಕಂಡುಕೊಂಡಿದ್ದರು: ಹಸಿರು ಗಾಜಿನ ಕನ್ನಡಕ. ನಾಟಕಕಾರ ಗೋಲ್ಡೋನಿಯ ಹೆಸರಿನಿಂದಲೇ ಅದು ಪ್ರಸಿದ್ಧ. ದೋಣಿಯಲ್ಲಿ ಹೊರಟ ಸಿರಿವಂತ ಹೆಂಗಸರು ಹಿಡಿಕೆಯಿದ್ದ ಹಸಿರು ಗಾಜನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರಂತೆ.

ಹಳೆಯ ಕೂಲಿಂಗ್ ಗ್ಲಾಸ್ ಫ್ರೇಮುಗಳಿಗೆ ಕೈಯಲ್ಲೇ ಲೆನ್ಸು ಕತ್ತರಿಸಿ ಕೂರಿಸುವ ಹುಚ್ಚು ನನ್ನದು. ಹಾಗಾಗಿ ಗೊಂಡೊಲಾಗಳನ್ನು ಬಿಟ್ಟು, ಉತ್ತರದ ಬೆಟ್ಟಗಳಲ್ಲಿರುವ ಕನ್ನಡಕದ ಸೀಮೆಗೆ ಹೊರಟೆ.

ಮೊದಲು ಇಳಿದದ್ದು ತ್ರೆವಿಸೊದಲ್ಲಿ. ಸಾನ್ ನಿಕೊಲೊ ಚರ್ಚಿನ ಪಕ್ಕದ ಹಳೆಯ ಮಠದ ಸಭಾಂಗಣದ ಗೋಡೆಗಳ ಮೇಲೆ ನಲವತ್ತು ಡೊಮಿನಿಕನ್ ಸನ್ಯಾಸಿಗಳು ಓದುತ್ತ, ಬರೆಯುತ್ತ ಕುಳಿತಿದ್ದಾರೆ. 1352ರಲ್ಲಿ ತೊಮ್ಮಾಸೊ ದ ಮೊದೆನ ಬರೆದ ಚಿತ್ರಗಳು. ಅವರಲ್ಲೊಬ್ಬ, ಕಾರ್ಡಿನಲ್ ಹ್ಯೂ, ಮೂಗಿನ ಮೇಲೆ ಕನ್ನಡಕ ಏರಿಸಿಕೊಂಡಿದ್ದಾನೆ. ಕನ್ನಡಕದ ಅತಿ ಹಳೆಯ ಚಿತ್ರವೆಂದು ಹೆಸರಾದದ್ದು ಇದೇ. ತಮಾಷೆಯೆಂದರೆ, ಹ್ಯೂ ಸತ್ತದ್ದು 1263ರಲ್ಲಿ. ಕನ್ನಡಕ ಹುಟ್ಟಿದ್ದು ಅದಾಗಿ ಎರಡು ದಶಕಗಳ ನಂತರ. ಕಲಾವಿದನ ಔದಾರ್ಯ! ನಮ್ಮ ವ್ಯಾಸರಾಯರೂ ನೆನಪಾದರು. ಅವರು ಕನ್ನಡಕ ಹಾಕಿಕೊಂಡು ಗ್ರಂಥ ಓದುತ್ತಿದ್ದ ಪ್ರಸಂಗ ಸೋಮನಾಥ ಕವಿಯ ‘ವ್ಯಾಸಯೋಗಿಚರಿತ’ದಲ್ಲಿ ಬರುತ್ತದೆ.

ರೈಲು ಪಿಯಾವೆ ನದಿಯ ಕಣಿವೆ ಹಿಡಿದು ಏರಿತು. ಲೊಂಗರೋನೆ ದಾಟುವಾಗ ಡಬ್ಬಿಯಲ್ಲಿದ್ದವರು ಕಿಟಕಿಯಾಚೆಯ ಕಮರಿಯತ್ತ ಮುಖ ತಿರುಗಿಸಿದರು. 1963ರಲ್ಲಿ ವಾಯೊಂತ್ ಜಲಾಶಯಕ್ಕೆ ಗುಡ್ಡ ಕುಸಿದು, ಉಕ್ಕಿದ ನೀರು ಈ ಊರನ್ನೇ ಅಳಿಸಿಹಾಕಿತ್ತು. ಅದರ ಕಥೆಗೆ ಬೇರೆಯೇ ಲೇಖನ ಬೇಕು.

ಹಳಿ ಮುಗಿಯುವುದು ಕಲಾಲ್ಜೊದಲ್ಲಿ. ಇಲ್ಲೇ 1878ರಲ್ಲಿ ಆಂಜೆಲೊ ಫ್ರೆಸ್ಕುರಾ ಜೊತೆಗಾರರೊಡನೆ ಹಳ್ಳದ ದಡದ ಹಳೆಯ ಗಿರಣಿಯಲ್ಲಿ ಕನ್ನಡಕದ ಕಾರ್ಖಾನೆ ತೆರೆದ. ಯಂತ್ರ ತಿರುಗಿಸಿದ್ದು ಹಳ್ಳದ ನೀರು. ಕೆಳಗೆ ಸಮುದ್ರದಂಚಿನಲ್ಲಿ ಕಣ್ಣು ಕುಕ್ಕುವ ನೀರೇ ಇಲ್ಲಿ ಕನ್ನಡಕ ಮಾಡುವ ಕೂಲಿಯಾಳು! ಅಲ್ಲಿಂದ ತುಸುದೂರದ ಪಿಯೇವೆ ದಿ ಕದೋರೆ ಚಿತ್ರಕಾರ ತಿಶಿಯನ್ ಹುಟ್ಟಿದ ಊರು. ಎಲ್ಲರೂ ಅವನ ಮನೆಗೆ ಹೋದರೆ ನಾನು ಕನ್ನಡಕದ ಮ್ಯೂಸಿಯಮ್ಮಿಗೆ ಹೋದೆ.

ಅಲ್ಲಿ ಶತಮಾನಗಳ ಕನ್ನಡಕಗಳ ಮುಂದೆ ನಿಂತಾಗ ನನ್ನ ಕಣ್ಣು ಹೋದದ್ದು ಗಾಜಿನ ಅಂಚಿಗೆ. ಕೆಲಸದ ಜೀವ ಅಲ್ಲಿದೆ. ನಾನು ಮಾಡುವುದಿಷ್ಟು: ಹಳೆಯ ಲೆನ್ಸನ್ನು ಅಚ್ಚಾಗಿಟ್ಟು, ಅಷ್ಟೇ ಬಾಗಿರುವ ದೊಡ್ಡ ಪ್ಲಾಸ್ಟಿಕ್ ಲೆನ್ಸಿನ ಮೇಲೆ ಗೆರೆ ಎಳೆಯುವುದು, ಎರಡೂ ಮೈಗೆ ಟೇಪು ಅಂಟಿಸಿ ಗೆರೆಯ ಆಚೆಗೇ ಕತ್ತರಿಸುವುದು, ಉಳಿದದ್ದನ್ನು ಅರದಿಂದ, ಆಮೇಲೆ ನೀರಲ್ಲಿ ನೆನೆಸಿದ ಉಪ್ಪುಕಾಗದದಿಂದ ಉಜ್ಜುವುದು. ಕೊನೆಗೆ ಅಂಚಿನ ಸುತ್ತ ಸಣ್ಣದೊಂದು ಏಣು ನಿಲ್ಲಬೇಕು. ಫ್ರೇಮಿನ ಒಳತೋಡಿನಲ್ಲಿ ಅದು ಟಕ್ಕೆಂದು ಕೂರಬೇಕು. ಕೂದಲೆಳೆಯಷ್ಟು ಹೆಚ್ಚು ಸವೆದರೂ ಲೆನ್ಸು ಗಡಗಡ. ನೀರು ಹಾಕದೆ ಉಜ್ಜಿದರೆ ಬಿಸಿಗೆ ಅಂಚು ಕೆಡುತ್ತದೆ, ದೂಳು ಮೂಗಿಗೇರುತ್ತದೆ.

ಸಂಜೆ ಊರ ಕೆಳಗಿನ ಕೆರೆಗಿಳಿದೆ. ಪಿಯಾವೆಗೆ ಕಟ್ಟೆ ಕಟ್ಟಿ ನಿಲ್ಲಿಸಿದ ನೀರು, ಮೇಲೆಲ್ಲ ಬೆಳ್ಳಿ. ಜೇಬಿನಲ್ಲಿದ್ದ, ಇನ್ನೂ ಕತ್ತರಿಸದ ಪೋಲರಾಯ್ಡ್ ಲೆನ್ಸನ್ನು ಕಣ್ಣಿಗೆ ಹಿಡಿದು ಮೆಲ್ಲಗೆ ತಿರುಗಿಸಿದೆ. ಬೆಳ್ಳಿ ಮಾಯ, ತಳದ ಕಲ್ಲುಗಳು ಎದ್ದುಬಂದವು! ಇನ್ನೊಂದು ಕಾಲು ಸುತ್ತಿಗೆ ಮತ್ತೆ ಬೆಳ್ಳಿ. ನೀರಿನಿಂದ ಪುಟಿಯುವ ಬೆಳಕು ಹೆಚ್ಚಾಗಿ ಅಡ್ಡಡ್ಡ ಕಂಪಿಸುತ್ತದೆ. ನೆಟ್ಟಗಿನಿಂದ ಸುಮಾರು 53 ಡಿಗ್ರಿ ಓರೆಯಾಗಿ ಬಿದ್ದು ಪುಟಿದದ್ದಂತೂ ಪೂರಾ ಅಡ್ಡವೇ. ಈ ಕೋನದ ನಿಯಮ ಹೇಳಿದವನು ಡೇವಿಡ್ ಬ್ರೂಸ್ಟರ್, 1815ರಲ್ಲಿ. ಆ ಬೆಳಕನ್ನು ತಡೆಯುವ ಹಾಳೆಗೆ ಎಡ್ವಿನ್ ಲ್ಯಾಂಡ್ ಪೇಟೆಂಟ್ ಅರ್ಜಿ ಹಾಕಿದ್ದು 1929ರಲ್ಲಿ. ಇಂಥ ಲೆನ್ಸನ್ನು ಓರೆಯಾಗಿ ಕತ್ತರಿಸಿದರೆ ಫ್ರೇಮಿಗೆ ಚೆನ್ನಾಗಿಯೇ ಕೂರುತ್ತದೆ, ಹೊಳಪನ್ನು ಮಾತ್ರ ಸರಿಯಾಗಿ ತಡೆಯುವುದಿಲ್ಲ.

ಗಾಳ ಹಾಕಿ ಕೂತಿದ್ದ ಮುದುಕನೊಬ್ಬ ನನ್ನ ಆಟ ನೋಡಿ ಕೈಚಾಚಿದ. ಲೆನ್ಸು ಕೊಟ್ಟೆ. ತಿರುಗಿಸಿದ, ಬಗ್ಗಿದ, “ತ್ರೋತಾ!” ಎಂದು ಕೂಗಿದ. ಟ್ರೌಟ್ ಮೀನು. ಆಮೇಲೆ ತನ್ನ ಕನ್ನಡಕವನ್ನೇ ಬಿಚ್ಚಿ ಮುಂದೆ ಹಿಡಿದು, ಇದಕ್ಕೆ ಕೂರಿಸುತ್ತೀಯಾ ಎಂದು ಸನ್ನೆ ಮಾಡಿದ. ಕನ್ನಡಕದ ತವರಲ್ಲಿ, ಬೆಂಗಳೂರಿನವನಿಗೆ ಆರ್ಡರು! ಅವನ ಲೆನ್ಸುಗಳನ್ನು ಹುಷಾರಾಗಿ ಹೊರತೆಗೆದು, ಕಾಗದದ ಮೇಲೆ ಸುತ್ತ ಪೆನ್ಸಿಲ್ ಆಡಿಸಿ, ಮೂಗಿನ ಕಡೆ ಯಾವುದೆಂದು ಬಾಣದ ಗುರುತು ಹಾಕಿದೆ. ಅದಿಲ್ಲದಿದ್ದರೆ ಎಡ ಬಲವಾಗುತ್ತದೆ.