ಚಿನ್ನದ ಕರು ಮತ್ತು ಮಗನ ಮಾರ್ಕ್ಸು

ಆಫೀಸಿನ ಗೆಳೆಯನೊಬ್ಬ ಒಮ್ಮೆ ಕೇಳಿದ್ದ, "ನೀವೂ ವಿಗ್ರಹಾರಾಧನೆ ಮಾಡ್ತೀರಲ್ವಾ?" ನಾನು ಜಂಬದಿಂದಲೇ ವಿವರಿಸಿದ್ದೆ: ಸ್ವರೂಪಗಳಿಗೆ ಸಲ್ಲುವುದು ಗೌರವ, ಆರಾಧನೆ ದೇವರಿಗೆ ಮಾತ್ರ, 787ರ ನೈಸಿಯಾ ಮಹಾಸಭೆಯೇ ಹೀಗೆ ಇತ್ಯರ್ಥ ಮಾಡಿದೆ ಅಂತ. ಉತ್ತರವೇನೋ ಸರಿಯಾಗೇ ಇತ್ತು...

ಮಗ ಆಗ ಎರಡನೇ ಪಿಯುಸಿ. ಭಾನುವಾರ ಬೆಳಿಗ್ಗೆ ಕೋಚಿಂಗ್. "ಪೂಜೆ ಮುಂದಿನ ವರ್ಷವೂ ಇರುತ್ತೆ" ಅಂತ ನಾನೇ ಅವನಿಗೆ ಚರ್ಚು ಬಿಡಿಸಿದೆ. ನಾನು ಮಾತ್ರ ಗುರುವಾರ ತಪ್ಪದೆ ವಿವೇಕನಗರದ ಬಾಲಯೇಸು ದೇವಾಲಯದಲ್ಲಿ ಮೇಣದಬತ್ತಿ ಹಚ್ಚುತ್ತಿದ್ದೆ. ಬೇಡುತ್ತಿದ್ದದ್ದು ಒಂದೇ, ರ‍್ಯಾಂಕು. ಫೀಸಿಗೆ ಹೆಂಡತಿಯ ಓಲೆ ಅಡವಿಟ್ಟಿದ್ದೆ.

ಪ್ರಿಪರೇಟರಿಯಲ್ಲಿ ಅಂಕ ಕಡಿಮೆ ಬಂದ ರಾತ್ರಿ ನಾನು ಅವನ ಜೊತೆ ಊಟಕ್ಕೂ ಕೂರಲಿಲ್ಲ. ಬಾಗಿಲ ಬಳಿ ನಿಂತು ಕೇಳಿದ, "ಅಪ್ಪಾ, ಮಾರ್ಕ್ಸ್ ಬರದಿದ್ರೆ ನಾನು ಬೇಡ್ವಾ?"

ಆ ರಾತ್ರಿ ನಿದ್ದೆ ಬರಲಿಲ್ಲ. ವಿಮೋಚನಕಾಂಡದ 32ನೇ ಅಧ್ಯಾಯ ನೆನಪಾಯ್ತು. ಸೀನಾಯ್ ಬೆಟ್ಟದ ಕೆಳಗೆ ಆ ಕರುವನ್ನು ಎರಕ ಹೊಯ್ದದ್ದೂ ಹೆಂಡತಿ ಮಕ್ಕಳ ಓಲೆಗಳಿಂದಲೇ! ಫೀಸು ಕಟ್ಟಿದ್ದು ತಪ್ಪಲ್ಲ ಬಿಡಿ. ಆದ್ರೆ ಆ ಅಂಕಪಟ್ಟಿಗೆ ಮಗನನ್ನೇ ಬಲಿ ಕೊಡಲು ಹೊರಟಿದ್ದೆ, ಅದಕ್ಕೆ ಬಾಲಯೇಸುವಿನ ಸಹಾಯ ಬೇರೆ ಕೇಳುತ್ತಿದ್ದೆ. ದುಡ್ಡು, ಅಧಿಕಾರಗಳೂ ವಿಗ್ರಹವಾಗಬಹುದು ಅಂತ ನಮ್ಮ ಧರ್ಮಸಭೆಯ ಉಪದೇಶಗ್ರಂಥ ಹೇಳುತ್ತೆ. ಮಾರ್ಕ್ಸ್ ಕಾರ್ಡೂ ಆಗಬಹುದು ಅಂತ ನನಗೆ ಹೊಳೆದಿರಲಿಲ್ಲ.

ಮುಂದಿನ ಭಾನುವಾರ ಇಬ್ಬರೂ ಪೂಜೆಗೆ ಹೋದೆವು. ಅವನು ಆಕಳಿಸುತ್ತಾ ಕೂತಿದ್ದ. ಸುಳ್ಳು ಹೇಳಲ್ಲ, ಪರಮಪ್ರಸಾದದ ಸಾಲಿನಲ್ಲೂ ನನಗೆ ಒಮ್ಮೆ ರ‍್ಯಾಂಕು ನೆನಪಾಯ್ತು. ಕರು ಅಷ್ಟು ಸುಲಭಕ್ಕೆ ಕರಗಲ್ಲ.

ನಿಮ್ಮನೇಲೂ ಇದೆಯಾ ಇಂಥದೊಂದು?