ಓಕಿನಾವಾದ ಬಿಳಿ ಹೊಯ್ಗೆ

ಹೊನ್ನಾವರದ ಹತ್ತಿರದ ಹಳ್ಳಿಯಲ್ಲಿ ಹುಟ್ಟಿದವನು ಸಮುದ್ರ ದಂಡೆ ನೋಡಲು ದುಡ್ಡು ಕೊಟ್ಟು ವಿಮಾನ ಹತ್ತಿದ ಎಂದರೆ ಊರಲ್ಲಿ ನಗುತ್ತಾರೆ. ಫೋನಿನಲ್ಲಿ ವಿಷಯ ಹೇಳಿದಾಗ ಆಯಿ ಕೇಳಿದ್ದೂ ಅದನ್ನೇ: "ನಮ್ಮಲ್ಲಿ ಸಮುದ್ರ ಇಲ್ಯಾ?"

ಪುಣೆಯ ನಮ್ಮ ಕಂಪನಿ ಆರು ತಿಂಗಳಿಗೆಂದು ನನ್ನನ್ನು ಟೋಕಿಯೋಗೆ ಕಳಿಸಿತ್ತು. ಏಪ್ರಿಲ್‌ನಲ್ಲಿ ಮಗಳ ಪರೀಕ್ಷೆ ಮುಗಿದದ್ದೇ ಹೆಂಡತಿ ಅವಳನ್ನು ಕರೆದುಕೊಂಡು ಬಂದಳು. ಟೋಕಿಯೋದಲ್ಲಿ ಇನ್ನೂ ಜಾಕೆಟ್ ಬೇಕಾಗುವ ಚಳಿ. "ಎಲ್ಲಾದರೂ ಬೆಚ್ಚಗಿರೋ ಕಡೆ ಹೋಗೋಣು" ಎಂದು ಧಾರವಾಡದ ನನ್ನ ಹೆಂಡತಿ ಹಟ ಹಿಡಿದಳು. ಸಹೋದ್ಯೋಗಿಗಳೆಲ್ಲ ಒಂದೇ ಹೆಸರು ಹೇಳಿದರು, ಓಕಿನಾವಾ. ಏಪ್ರಿಲ್ ಕೊನೆಗೆ ಶುರುವಾಗುವ ಗೋಲ್ಡನ್ ವೀಕ್ ರಜೆಯಲ್ಲಿ ಅಲ್ಲಿ ಕಾಲಿಡಲೂ ಜಾಗ ಸಿಗುವುದಿಲ್ಲ, ಮೇ ತಿಂಗಳಲ್ಲಿ ಮಳೆ ಹಿಡಿಯುತ್ತದೆ, ಅದಾದ ಮೇಲೆ ಚಂಡಮಾರುತಗಳ ಕಾಲ. ಹಾಗಾಗಿ ಏಪ್ರಿಲ್ ಮೂರನೆಯ ವಾರಕ್ಕೇ ಟಿಕೆಟ್ ತೆಗೆದೆವು.

ಹಾನೆಡಾದಿಂದ ಓಕಿನಾವಾದ ರಾಜಧಾನಿ ನಾಹಾಗೆ ಹೆಚ್ಚುಕಡಿಮೆ ಮೂರು ತಾಸು. ನಕ್ಷೆಯಲ್ಲಿ ನೋಡಿದರೆ ಜಪಾನಿನ ದೊಡ್ಡ ದ್ವೀಪಗಳ ತುದಿಯಿಂದ ತೈವಾನ್ ಕಡೆಗೆ ಮಣಿಸರದ ಹಾಗೆ ದ್ವೀಪಗಳು ಚೆಲ್ಲಿವೆ. ಅವುಗಳಲ್ಲಿ ದೊಡ್ಡದು ಓಕಿನಾವಾ, ಉದ್ದ ನೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ನಾಹಾ ಇರುವುದು ಸುಮಾರು 26 ಡಿಗ್ರಿ ಉತ್ತರದಲ್ಲಿ, ನಮ್ಮ ಗುವಾಹಟಿಯ ಸಾಲಿನಲ್ಲಿ. ಲೆಕ್ಕಕ್ಕೆ ಉಪೋಷ್ಣವಲಯ. ಆದರೆ ವಿಮಾನ ನಿಲ್ದಾಣದ ಬಾಗಿಲು ದಾಟಿದೊಡನೆ ಮುಖಕ್ಕೆ ಬಡಿದ ಗಾಳಿ ಮಾತ್ರ ಪಕ್ಕಾ ಹೊನ್ನಾವರದ್ದು: ಒದ್ದೆ, ಬೆಚ್ಚಗೆ, ಉಪ್ಪುಪ್ಪು. ದಾಸವಾಳದ ಬೇಲಿಗಳು, ಬಾಳೆಗಿಡಗಳು, ಕಬ್ಬಿನ ಗದ್ದೆಗಳು. ಮನೆಗಳ ಮಾಡಿನ ಮೇಲೆ ಮಾತ್ರ ನಮ್ಮಲ್ಲಿಲ್ಲದ ಒಂದು ಪ್ರಾಣಿ ಕೂತಿರುತ್ತದೆ. ಅರ್ಧ ಸಿಂಹ, ಅರ್ಧ ನಾಯಿಯಂತಿರುವ ಮಣ್ಣಿನ ಶೀಸಾ. ಕೆಟ್ಟದ್ದು ಒಳಗೆ ಬಾರದಂತೆ ಕಾಯುವುದು ಅದರ ಕೆಲಸ.

ಮೊದಲ ಸಂಜೆ ನಾಹಾ ಊರೊಳಗಿನ ನಾಮಿನೋವುಯೆ ಬೀಚಿಗೆ ಹೋದೆವು. ಒಂದು ಬದಿಗೆ ಬಂಡೆಯ ತಲೆಯ ಮೇಲೆ ಶಿಂಟೋ ಗುಡಿ, ಎದುರಿಗೆ ಸಮುದ್ರದ ಮೇಲೇ ಹಾದುಹೋಗುವ ಹೆದ್ದಾರಿ ಸೇತುವೆ. ಚಿಕ್ಕ ಜಾಗ. ಮಗಳು ಚಪ್ಪಲಿ ಬಿಚ್ಚಿ ಓಡಿದಳು. ಬೊಗಸೆ ತುಂಬ ಬಿಳಿ ಪುಡಿ ಎತ್ತಿಕೊಂಡು ಬಂದು "ಪಪ್ಪಾ, ದಿಸ್ ಸ್ಯಾಂಡ್ ಈಸ್ ಲೈಕ್ ಸಾಲ್ಟ್" ಎಂದಳು. ನಾನು, "ಹೌದು ಪುಟ್ಟಿ, ಇಲ್ಲಿನ ಮರಳೇ ಹಾಗೆ" ಎಂದೆ.

ಮರಳು! ಆ ಪದ ಬಾಯಿಂದ ಬಿದ್ದ ಮೇಲೆ ನನಗೇ ಏನೋ ಕಸಿವಿಸಿ. ನಮ್ಮೂರಲ್ಲಿ ಯಾರೂ ಅದನ್ನು ಮರಳು ಎನ್ನುವುದಿಲ್ಲ, ಹೊಯ್ಗೆ ಎನ್ನುತ್ತಾರೆ. ಮರಳು ಪುಸ್ತಕದಿಂದ ಬಂದ ಪದ. ಹೊಯ್ಗೆ ಎಂದು ನಾನು ಕೊನೆಯ ಸಲ ಯಾವಾಗ ಅಂದಿದ್ದೆ? ನೆನಪಾಗಲಿಲ್ಲ. ಆ ಸಂಜೆ ಅಷ್ಟಕ್ಕೇ ಬಿಟ್ಟೆ.

ಮರುದಿನ ಬೆಳಿಗ್ಗೆ ತೊಮಾರಿ ಬಂದರಿನಿಂದ ಜಮಾಮಿ ದ್ವೀಪಕ್ಕೆ ವೇಗದ ದೋಣಿ, ಸುಮಾರು ಒಂದು ತಾಸಿನ ದಾರಿ. ಇದು ಕೆರಾಮಾ ದ್ವೀಪಗಳ ಗುಂಪು. 2014ರಲ್ಲಿ ಜಪಾನ್ ಇದನ್ನು ರಾಷ್ಟ್ರೀಯ ಉದ್ಯಾನ ಎಂದು ಘೋಷಿಸಿತು. ಇಲ್ಲಿನ ನೀರಿನ ಬಣ್ಣಕ್ಕೆ 'ಕೆರಾಮಾ ಬ್ಲೂ' ಎಂದೇ ಹೆಸರು. ಬಂದರಿನಿಂದ ಸಣ್ಣ ಬಸ್ಸಿನಲ್ಲಿ ಗುಡ್ಡ ಹತ್ತಿಳಿದರೆ ಫುರುಜಮಾಮಿ ಬೀಚು. ನಾನು ಕಡಲ ಮಗ, ಸುಲಭಕ್ಕೆ ಬೆರಗಾಗುವುದಿಲ್ಲ ಎಂದುಕೊಂಡಿದ್ದೆ. ಬೆರಗಾದೆ. ಎದೆಮಟ್ಟದ ನೀರಿನಲ್ಲಿ ನಿಂತರೆ ಕಾಲಿನ ಉಗುರು ಕಾಣುತ್ತದೆ. ದಂಡೆಯಿಂದ ಕೆಲವೇ ಮಾರು ಈಜಿ ಮುಖ ಮುಳುಗಿಸಿದರೆ ಹವಳದ ತೋಟ, ಅದರೊಳಗೆ ಕೇಸರಿ ಬಿಳಿ ಪಟ್ಟೆಯ ಮೀನು. ಬಾಯಲ್ಲಿ ಕೊಳವೆ ಇದ್ದದ್ದನ್ನೂ ಮರೆತು ಮಗಳು "ನೀಮೋ" ಎಂದು ಕಿರುಚಿ ಉಪ್ಪುನೀರು ಕುಡಿದಳು.

ನಮ್ಮ ಕರಾವಳಿಯ ಹೊಯ್ಗೆ ಹೊಂಬಣ್ಣದ್ದು. ಶರಾವತಿ, ಅಘನಾಶಿನಿಯಂಥ ನದಿಗಳು ಘಟ್ಟದ ಕಲ್ಲನ್ನು ಅರೆದು ತಂದು ಹಾಕಿದ್ದು ಅದು. ಓಕಿನಾವಾದಲ್ಲಿ ದಂಡೆ ಕಟ್ಟಿದ್ದು ಸಮುದ್ರವೇ. ಸತ್ತ ಹವಳ, ಒಡೆದ ಚಿಪ್ಪು, ಕಣ್ಣಿಗೆ ಕಾಣದಂಥ ಜೀವಿಗಳ ಗೂಡು, ಎಲ್ಲ ಪುಡಿಯಾಗಿ ಈ ಬಿಳುಪು. ಹವಳವನ್ನು ಕಡಿದು, ಮೇಲಿನ ಪಾಚಿ ತಿಂದು, ಸುಣ್ಣವನ್ನು ಪುಡಿಮಾಡಿ ಹೊರಹಾಕುವ ಗಿಣಿಮೀನುಗಳದ್ದೂ ಇದರಲ್ಲಿ ದೊಡ್ಡ ಪಾಲಿದೆ. ಇನ್ನೂ ದಕ್ಷಿಣದ ಯಾಏಯಾಮಾ ದ್ವೀಪಗಳಲ್ಲಿ ಈ ಕಣಗಳು ಐದಾರು ಮೂಲೆಯ ನಕ್ಷತ್ರಗಳ ಆಕಾರದಲ್ಲೇ ಸಿಗುತ್ತವೆ. ಅವು ಒಂದೇ ಜೀವಕೋಶದ ಫೊರಾಮಿನಿಫೆರಾ ಎಂಬ ಜೀವಿಯ ಚಿಪ್ಪುಗಳು. ಅಲ್ಲಿನವರ ಕತೆಯೇ ಬೇರೆ: ಧ್ರುವ ನಕ್ಷತ್ರಕ್ಕೂ ದಕ್ಷಿಣದ ನಕ್ಷತ್ರಕ್ಕೂ ಹುಟ್ಟಿದ ಮಕ್ಕಳನ್ನು ಸಮುದ್ರದ ಸರ್ಪ ಕೊಂದಿತಂತೆ, ಅವರ ಎಲುಬುಗಳು ದಂಡೆಗೆ ಬಂದು ಬಿದ್ದವಂತೆ. ವಿಜ್ಞಾನವೂ ಕತೆಯೂ ಕೊನೆಗೆ ಹೇಳುವುದು ಒಂದನ್ನೇ. ನಾವು ಬರಿಗಾಲಲ್ಲಿ ನಡೆಯುತ್ತಿರುವುದು ಸತ್ತವರ ಮೇಲೆ. ನಾಹಾದ ಕೊಕುಸಾಯಿ ಬೀದಿಯಲ್ಲಿ ಈ ನಕ್ಷತ್ರಗಳನ್ನು ಬೆರಳುದ್ದದ ಗಾಜಿನ ಶೀಶೆಯಲ್ಲಿ ಮಾರುತ್ತಾರೆ. ಮಗಳು ಒಂದು ಕೊಂಡಳು.

ಮೂರನೆಯ ದಿನ ಬಸ್ಸಿನಲ್ಲಿ ಇತೊಮಾನ್‌ಗೆ, ಅಲ್ಲಿ ಬಸ್ಸು ಬದಲಿಸಿ ದ್ವೀಪದ ದಕ್ಷಿಣ ತುದಿಯ ಮಾಬುನಿಗೆ ಹೋದೆವು. ಸಮುದ್ರ ಇಲ್ಲಿಯೂ ಅದೇ ನೀಲಿ, ಆದರೆ ಕಡಿದಾದ ಬಂಡೆಯ ಬುಡದಲ್ಲಿ. 1945ರ ಏಪ್ರಿಲ್‌ನಿಂದ ಜೂನ್‌ವರೆಗೆ ಈ ದ್ವೀಪದಲ್ಲಿ ನಡೆದ ಯುದ್ಧದಲ್ಲಿ ಇಲ್ಲಿನ ಜನಸಾಮಾನ್ಯರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು ಸತ್ತರು. ದಕ್ಷಿಣಕ್ಕೆ ಓಡಿ ಬಂದವರಿಗೆ ಮುಂದೆ ನೆಲವೇ ಇರಲಿಲ್ಲ. 1995ರಲ್ಲಿ ಇಲ್ಲಿ ಶಾಂತಿಯ ಸ್ಮಾರಕ ಕಟ್ಟಿದರು. ಅಲೆಗಳಂತೆ ಹರಡಿದ ಕಪ್ಪು ಕಲ್ಲಿನ ಮಡಿಕೆಗಳು, ಅವುಗಳ ಮೇಲೆ 2,40,000ಕ್ಕೂ ಹೆಚ್ಚು ಹೆಸರುಗಳು. ಓಕಿನಾವಾದವರು, ಜಪಾನಿ ಸೈನಿಕರು, ಅಮೆರಿಕದವರು, ಕೊರಿಯಾದವರು, ಗೆದ್ದವರು ಸೋತವರು ಎಂಬ ಭೇದವಿಲ್ಲ. ಅವರವರ ಹೆಸರು ಅವರವರ ಲಿಪಿಯಲ್ಲಿ. ಕೆಲವು ಕಡೆ ಹೆಸರೇ ಇಲ್ಲ, 'ಇಂಥವರ ಮಗು' ಎಂದಷ್ಟೇ ಇದೆ. ಹೆಸರು ಗೊತ್ತಿದ್ದವರು ಯಾರೂ ಉಳಿದಿರಲಿಲ್ಲ. ಮಗಳಿಗೆ ಅದನ್ನು ವಿವರಿಸಲು ಹೋಗಿ ನನ್ನ ಇಂಗ್ಲಿಷೂ ನಿಂತುಹೋಯಿತು.

ಕೊನೆಯ ಎರಡು ದಿನ ಪಶ್ಚಿಮ ದಂಡೆಯ ಯೊಮಿತಾನ್‌ನಲ್ಲಿ ಒಂದು ಚಿಕ್ಕ ಅತಿಥಿಗೃಹದಲ್ಲಿ ಉಳಿದೆವು. ಅಲ್ಲಿನ ತೊಗುಚಿ ಬೀಚಿನಲ್ಲಿ ಅಣಬೆಯ ಹಾಗೆ ಬುಡ ಸವೆದ ಬಂಡೆಗಳು, ನೆರಳು, ಬೆರಳೆಣಿಕೆಯ ಜನ. 1945ರ ಏಪ್ರಿಲ್ 1ರಂದು ಅಮೆರಿಕದ ಸೈನ್ಯ ಇಳಿದದ್ದು ಈ ದಂಡೆಗೇ. ಆ ಮೇಲೆ 1972ರ ಮೇ 15ರವರೆಗೆ ಓಕಿನಾವಾ ಅಮೆರಿಕದ ಆಡಳಿತದಲ್ಲಿತ್ತು. ಇವತ್ತಿಗೂ ಜಪಾನಿನ ನೆಲದಲ್ಲಿ ಶೇಕಡಾ 0.6ರಷ್ಟಿರುವ ಈ ದ್ವೀಪಗಳ ಮೇಲೆಯೇ ಅಲ್ಲಿನ ಅಮೆರಿಕನ್ ನೆಲೆಗಳ ಸುಮಾರು ಶೇಕಡಾ 70ರಷ್ಟು ಜಾಗ ಇದೆ. ನೀರಿನಲ್ಲಿ ಮಲಗಿ ಆಕಾಶ ನೋಡುತ್ತಿದ್ದಾಗ ಯುದ್ಧವಿಮಾನವೊಂದು ಕಿವಿ ಹರಿಯುವಂತೆ ಹಾದುಹೋಯಿತು. ಸುತ್ತ ಇದ್ದವರು ಯಾರೂ ತಲೆ ಎತ್ತಲಿಲ್ಲ.

ಅತಿಥಿಗೃಹ ನಡೆಸುವ ಹೆಂಗಸು ಟೋಕಿಯೋದಲ್ಲಿ ಓದಿದವಳು, ಇಂಗ್ಲಿಷ್ ಚೆನ್ನಾಗಿತ್ತು. ನಾವು ಸಸ್ಯಾಹಾರಿಗಳು ಎಂದದ್ದಕ್ಕೆ ಹಂದಿಮಾಂಸ, ಮೀನಿನ ಸಾರು ಏನೂ ಹಾಕದೆ ಗೋಯಾ ಚಂಪುರು ಮಾಡಿದಳು. ಗೋಯಾ ಎಂದರೆ ಬೇರೇನಲ್ಲ, ಹಾಗಲಕಾಯಿ. ತೋಫು ಹಾಕಿದ ಹಾಗಲಕಾಯಿ ಪಲ್ಯ! ಚಹಾದ ಜೊತೆ ಕಬ್ಬಿನ ಕಪ್ಪು ಸಕ್ಕರೆಯ ಉಂಡೆ ಕೊಟ್ಟರು. ಹೆಂಡತಿ ಬಾಯಿಗಿಟ್ಟು "ಅಯ್ಯ, ಇದು ನಮ್ಮ ಬೆಲ್ಲ ಅಲ್ಲೇನ್ರೀ" ಎಂದಳು.

ಆಕೆಯ ತಂದೆ ಎಂಬತ್ತು ದಾಟಿದ ಮುದುಕ, ಜಗುಲಿಯಲ್ಲಿ ಕೂತಿದ್ದ. ನಾವು ನಮ್ಮನಮ್ಮಲ್ಲೇ ಮಾತಾಡುತ್ತಿದ್ದದ್ದನ್ನು ಕೇಳಿ ಮಗಳ ಮೂಲಕ ವಿಚಾರಿಸಿದ: ಇದು ಯಾವ ಭಾಷೆ? ಕನ್ನಡ ಎಂದೆ. "ಹುಡುಗಿ ಯಾಕೆ ಅದರಲ್ಲಿ ಮಾತಾಡುವುದಿಲ್ಲ?" ನಾವು ಪುಣೆಯಲ್ಲಿರುವುದು, ಅಲ್ಲಿ ಮರಾಠಿ, ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಎಂದೆಲ್ಲ ಹೇಳಿದೆ. ಅವನು ತಲೆಯಾಡಿಸಿ, ಎರಡು ಕೈಯಿಂದ ಎದೆಯ ಮೇಲೆ ಒಂದು ಚೌಕ ಬರೆದು ತೋರಿಸಿದ.

ಮಗಳು ವಿವರಿಸಿದಳು. ಓಕಿನಾವಾದ್ದು ಬೇರೆಯೇ ನುಡಿ, ಉಚಿನಾಗುಚಿ. ಜಪಾನಿಗೆ ಸೋದರ ಭಾಷೆಯಾದರೂ ಟೋಕಿಯೋದವರಿಗೆ ಅರ್ಥವಾಗದು. ಇಲ್ಲಿ ರ್ಯುಕ್ಯು ಎಂಬ ರಾಜ್ಯವಿತ್ತು. 1879ರಲ್ಲಿ ಜಪಾನ್ ಅದನ್ನು ಸೇರಿಸಿಕೊಂಡು ಒಂದು ಪ್ರಾಂತ ಮಾಡಿತು. ಆಮೇಲೆ ಶಾಲೆಗಳಲ್ಲಿ 'ಹೋಗೆನ್ ಫುದಾ' ಬಂತು. ಅದು ಉಪಭಾಷೆಯ ಹಲಗೆ. ಊರ ನುಡಿಯಲ್ಲಿ ಮಾತಾಡಿದ ಮಗುವಿನ ಕೊರಳಿಗೆ ಮರದ ಹಲಗೆ ನೇತು ಹಾಕುತ್ತಿದ್ದರು. ಅದು ಕಳಚಬೇಕಾದರೆ ಇನ್ನೊಬ್ಬ ಹುಡುಗ ಊರ ಮಾತು ಆಡಿದ್ದನ್ನು ಹಿಡಿದು ಅವನ ಕೊರಳಿಗೆ ದಾಟಿಸಬೇಕು. ಯುದ್ಧದ ಸಮಯದಲ್ಲಿ ಜಪಾನಿ ಸೇನೆ ಉಚಿನಾಗುಚಿ ಆಡುವವರನ್ನು ಗೂಢಚಾರರೆಂದೇ ಕಾಣುವುದಾಗಿ ಆಜ್ಞೆ ಹೊರಡಿಸಿತ್ತು. ಹಲಗೆ ಯುದ್ಧ ಮುಗಿದ ಮೇಲೂ ಕೆಲವು ಶಾಲೆಗಳಲ್ಲಿ ಉಳಿದಿತ್ತು, ಮುದುಕ ಹುಡುಗನಾಗಿದ್ದಾಗ ಅದನ್ನು ಹೊತ್ತಿದ್ದ. "ಹಾಗಾಗಿ ಅಪ್ಪ ನಮ್ಮ ಹತ್ತಿರ ಜಪಾನಿಯಲ್ಲಿ ಮಾತ್ರ ಮಾತಾಡಿದ. ನನಗೆ ಅರ್ಥವಾಗುತ್ತದೆ, ಆಡಲು ಬರುವುದಿಲ್ಲ. ನನ್ನ ಮಕ್ಕಳಿಗೆ ಅರ್ಥವೂ ಆಗುವುದಿಲ್ಲ" ಎಂದಳು. 2009ರಲ್ಲಿ ಯುನೆಸ್ಕೋ ಅಳಿವಿನಂಚಿನ ಭಾಷೆಗಳ ನಕ್ಷೆಯಲ್ಲಿ ಈ ದ್ವೀಪಗಳ ಆರು ನುಡಿಗಳನ್ನು ಸೇರಿಸಿದೆ. ನಮ್ಮ ತುಳು, ಕೊಡವ ನುಡಿಗಳ ಹೆಸರೂ ಆ ನಕ್ಷೆಯಲ್ಲಿವೆ. ಈಗ ಪ್ರಾಂತದ ಸರ್ಕಾರವೇ ಸೆಪ್ಟೆಂಬರ್ 18ನ್ನು ದ್ವೀಪದ ನುಡಿಯ ದಿನವೆಂದು ಆಚರಿಸುತ್ತದೆ.

ರಾತ್ರಿ ನಿದ್ದೆ ಬರಲಿಲ್ಲ. ಮಗಳು ಮಾತು ಕಲಿತದ್ದು ಕನ್ನಡದಲ್ಲೇ, ಅದೂ ಎರಡು ಕನ್ನಡ. ನನ್ನ ಹತ್ತಿರ ಹವ್ಯಕರ ಮಾತು, ತಾಯಿಯ ಹತ್ತಿರ ಧಾರವಾಡದ್ದು. ಯುಕೆಜಿಯಲ್ಲಿದ್ದಾಗ ಪಾಲಕರ ಸಭೆಯಲ್ಲಿ ಟೀಚರ್ ಮೃದುವಾಗಿ, "ಮಗು ಇಂಗ್ಲಿಷಿನಲ್ಲಿ ಹಿಂದಿದೆ, ಮನೆಯಲ್ಲೂ ಇಂಗ್ಲಿಷೇ ಆಡಿ" ಎಂದರು. ಆ ಸಂಜೆಯಿಂದಲೇ ಶುರು ಮಾಡಿದೆವು. ಅವಳು "ಎಂತ ಅಪ್ಪ" ಎಂದರೆ ನಾನು "ಸೇ ಇಟ್ ಇನ್ ಇಂಗ್ಲಿಷ್" ಎನ್ನುತ್ತಿದ್ದೆ. ಆರು ತಿಂಗಳಲ್ಲಿ ಅಪ್ಪ ಹೋಗಿ ಪಪ್ಪ ಬಂದ. ಯಾವ ಸರ್ಕಾರವೂ ನಮಗೆ ಆಜ್ಞೆ ಮಾಡಿರಲಿಲ್ಲ. ಟೀಚರ್ ಹೇಳಿದ್ದು ಒಂದು ಸಲಹೆ, ಬೇಡವೆನ್ನಬಹುದಿತ್ತು. ಮಗಳ ಕೊರಳಿಗೆ ಹಲಗೆ ಕಟ್ಟಿದವನು ನಾನೇ, ಅದಕ್ಕೆ ಫೀಸೂ ಕಟ್ಟಿದ್ದೆ. ಈಗ ಅವಳಿಗೆ ಒಂಬತ್ತು. ಅಜ್ಜಿ ವಾರಕ್ಕೊಮ್ಮೆ ಫೋನ್ ಮಾಡಿ "ಎಂತ ಮಾಡ್ತಾ ಇದ್ದೆ ಪುಟ್ಟಿ, ಊಟ ಆತಾ?" ಎಂದರೆ "ಹಾಂ ಅಜ್ಜಿ" ಎಂದು ಫೋನನ್ನು ನನ್ನ ಕೈಗೆ ತುರುಕುತ್ತಾಳೆ.

ಬೆಳಿಗ್ಗೆ ಹೊರಡುವ ಮೊದಲು ಇನ್ನೊಮ್ಮೆ ತೊಗುಚಿ ದಂಡೆಗೆ ಹೋದೆವು. ಮಗಳು ಗುಡ್ಡೆ ಮಾಡಿ ಗೋಪುರ ಕಟ್ಟುತ್ತಿದ್ದಳು. ಪಕ್ಕದಲ್ಲಿ ಕೂತು "ನಮ್ಮೂರಲ್ಲಿ ಇದಕ್ಕೆ ಹೊಯ್ಗೆ ಅಂತ" ಎಂದೆ. "ಹೊ...ಯ್ಗೆ?" ಎಂದು ನಕ್ಕಳು. ಇನ್ನೊಮ್ಮೆ ಹೇಳಿದಳು. ಮೂರನೆಯ ಸಲ ಹೇಳುವಾಗ ಮುದುಕ ಅಲ್ಲಿಗೆ ಬಂದಿದ್ದ. ಅವನು ಅವಳಿಗೆ "ಹೈತಾಯ್" ಎನ್ನಲು ಕಲಿಸಿದ, ಹೆಂಗಸರು ನಮಸ್ಕಾರ ಹೇಳುವ ಉಚಿನಾಗುಚಿ ಮಾತು. ಅವಳು ಅವನಿಗೆ "ಹೊಯ್ಗೆ" ಕಲಿಸಿದಳು. ಅವನ ಬಾಯಲ್ಲಿ ಅದು "ಹೊಯಿಗೇ" ಆಯಿತು.

ನೀವು ಹೋಗುವುದಾದರೆ ಎರಡು ಮಾತು. ಬೇಸಿಗೆಯಲ್ಲಿ ಪೆಟ್ಟಿಗೆ ಆಕಾರದ ವಿಷದ ಲೋಳೆಮೀನು ದಂಡೆಯ ಹತ್ತಿರಕ್ಕೆ ಬರುತ್ತದೆ, ಬಲೆ ಕಟ್ಟಿದ ಬೀಚಿನಲ್ಲಿ ಮಾತ್ರ ನೀರಿಗಿಳಿಯಿರಿ. ಹವಳದ ತುಣುಕನ್ನು ಹೆಕ್ಕಿ ತರಬೇಡಿ. ಗಾಳಿ ಎದ್ದರೆ ಜಮಾಮಿಯ ದೋಣಿ ರದ್ದಾಗುತ್ತದೆ, ಕೈಯಲ್ಲಿ ಒಂದು ದಿನ ಹೆಚ್ಚು ಇಟ್ಟುಕೊಳ್ಳಿ. ಅಂದಹಾಗೆ, ಇದು ಮೂರು ಮಾತಾಯಿತು.

ಪುಣೆಗೆ ಬಂದ ಮೇಲೆ ನಾನು ಮಗಳ ಹತ್ತಿರ ಹವ್ಯಕ ಮಾತೇ ಆಡುತ್ತಿದ್ದೇನೆ. ಅವಳು ಇಂಗ್ಲಿಷಿನಲ್ಲೇ ಉತ್ತರಿಸುತ್ತಾಳೆ, ಕೆಲವೊಮ್ಮೆ ಸಿಟ್ಟಾಗುತ್ತಾಳೆ. ನಾಲ್ಕು ವರ್ಷದ್ದು ನಾಲ್ಕು ವಾರದಲ್ಲಿ ಸರಿಯಾಗುವುದಿಲ್ಲ, ಪೂರ್ತಿ ಸರಿಯಾದೀತೆಂಬ ಭರವಸೆಯೂ ನನಗಿಲ್ಲ. ಹೋದ ಭಾನುವಾರ ಆಯಿಯ ಫೋನ್ ಬಂದಾಗ ಮಗಳು ಶೀಶೆಯನ್ನು ಕ್ಯಾಮೆರಾದ ಮುಂದೆ ಹಿಡಿದು, "ಅಜ್ಜಿ, ಸೀ, ಸ್ಟಾರ್ ಹೊಯ್ಗೆ" ಎಂದಳು.

ಆಯಿ ಕನ್ನಡಕ ಹುಡುಕಲು ಎದ್ದು ಹೋದಳು. ಮಗಳು ಫೋನನ್ನು ನನ್ನ ಕೈಗೆ ಕೊಡಲಿಲ್ಲ, ಹಿಡಿದುಕೊಂಡೇ ಕಾದಳು.